ಬಳ್ಳಿಯಲ್ಲಿ ಇಲ್ಲದ ಗಂಟು

ನನ್ನ ಕೈಯಲ್ಲಿ ಹುಟ್ಟಿದ ಮಕ್ಕಳು ಎಷ್ಟು ಎಂದು ಕೇಳಬೇಡಿ. ಪುಸ್ತಕದಲ್ಲಿ ಬರೆಸಿಡಿ ಎಂದು ಆರೋಗ್ಯ ಕೇಂದ್ರದವರು ಹೇಳಿ ಹೇಳಿ ಸೋತರು. ನನಗೆ ಅಕ್ಷರ ಬರುವುದಿಲ್ಲ, ಬರುತ್ತಿದ್ದರೂ ಬರೆಯುತ್ತಿರಲಿಲ್ಲ. ನಮ್ಮ ಬೆಟ್ಟದೂರು ಚುವಿಸಿವಾನಿನ ದಾರಿಯಲ್ಲಿ ಮೂವತ್ತೈದು ವರ್ಷದೊಳಗಿನ ಯಾರು ಎದುರಾದರೂ ಅವರ ಹೊಕ್ಕುಳು ಕಟ್ಟಿದ್ದು ನಾನೇ. ಎದೆಯುಬ್ಬಿಸಿ ಲಾರಿ ಓಡಿಸುವ ಗಂಡಸರೂ ನನ್ನನ್ನು ಕಂಡರೆ ಟೋಪಿ ತೆಗೆಯುತ್ತಾರೆ. ತೆಗೆಯದೆ ಏನು, ಅವರ ಬರೀ ಕುಂಡೆಗೆ ಮೊದಲ ಏಟು ಕೊಟ್ಟವಳಲ್ಲವೇ ನಾನು.

ಹೆಸರು ದೊಮಿಂಗಾ. ಆ ಹೆಸರಿನಿಂದ ಕರೆಯುವವರು ಈಗ ನನ್ನ ಓರಗೆಯ ಇಬ್ಬರೋ ಮೂವರೋ ಉಳಿದಿದ್ದಾರೆ. ಮಿಕ್ಕವರಿಗೆಲ್ಲ ನಾನು ಅಜ್ಜಿ. ಸೂಲಗಿತ್ತಿಯನ್ನು ನಮ್ಮಲ್ಲಿ ಹಾಗೇ ಕರೆಯುವುದು. ಇಪ್ಪತ್ತೇಳನೇ ವಯಸ್ಸಿಗೇ ಅಜ್ಜಿಯಾದವಳು ನಾನು. ಆಗ ನಗು ಬರುತ್ತಿತ್ತು, ಈಗ ಸೊಂಟ ಹಿಡಿದುಕೊಂಡಾಗ ಹೆಸರು ಸರಿಯಾಗೇ ಇದೆ ಅನ್ನಿಸುತ್ತದೆ.

ಚೊಚ್ಚಲ ಹೆರಿಗೆಯಲ್ಲಿ ಮಗು ಹೊರಬಿದ್ದ ಮೇಲೆ ಮನೆಯವರು ಮೊದಲು ನೋಡುವುದು ಮಗುವನ್ನಲ್ಲ, ನನ್ನ ಬೆರಳುಗಳನ್ನು. ಕತ್ತರಿಸುವ ಮೊದಲು ಹೊಕ್ಕುಳಬಳ್ಳಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮಗುವಿನ ಕಡೆಯಿಂದ ತಾಯಿಯ ಕಡೆಗೆ ನಿಧಾನವಾಗಿ ಜಾರಿಸಬೇಕು. ಗಂಟು ಸಿಕ್ಕಿದ ಕಡೆಯೆಲ್ಲ ಒಂದೊಂದು ಮಗು. ಗಂಟುಗಳು ಒತ್ತೊತ್ತಾಗಿದ್ದರೆ ವರ್ಷಕ್ಕೊಂದು, ದೂರದೂರ ಇದ್ದರೆ ಪುಣ್ಯವಂತೆ. ಆ ಹೆಂಗಸಿಗೆ ದೇವರು ಇನ್ನೆಷ್ಟು ಮಕ್ಕಳನ್ನು ಕಳಿಸಲಿದ್ದಾನೆ ಎಂಬುದು ಆ ಬಳ್ಳಿಯಲ್ಲೇ ಇರುತ್ತದೆ ಎಂದು ನನಗೆ ಕಲಿಸಿದವಳು ನನ್ನ ಸೋದರತ್ತೆ ಪಾಂತಲಿಯೊನಾ. ನನಗಿಂತ ಮೊದಲು ಈ ಊರಿಗೆ ಅವಳೇ ಅಜ್ಜಿ. ಬಳ್ಳಿ ಓದಿ ಹೇಳಿದ ಮಾತನ್ನು ಮನೆಯವರು ಸಾಯುವ ತನಕ ಮರೆಯುವುದಿಲ್ಲ. ಬರಬೇಕಾದ ಮಕ್ಕಳನ್ನು ತಡೆದರೆ ಅವು ಒಳಗೇ ಕೂತು ತಾಯಿಯ ಹೊಟ್ಟೆಯಲ್ಲಿ ಗಡ್ಡೆಯಾಗಿ ಬೆಳೆಯುತ್ತವೆ ಎಂಬುದು ನಮ್ಮ ಹೆಂಗಸರ ನಂಬಿಕೆ. ಅದಕ್ಕೇ ಗಂಟು ಇದ್ದಷ್ಟೂ ಹೆರುತ್ತಾರೆ.

ನಾನು ಈ ಕೆಲಸದಲ್ಲಿ ಒಂದೇ ಒಂದು ಸಲ ಸುಳ್ಳು ಹೇಳಿದ್ದೇನೆ. ಹನ್ನೊಂದು ವರ್ಷದ ಕೆಳಗೆ, ಮಿಕಾಯೆಲಾ ಎಂಬ ಹುಡುಗಿಯ ಚೊಚ್ಚಲ ಹೆರಿಗೆಯಲ್ಲಿ.

ಮಿಕಾಯೆಲಾಗೆ ಆಗ ಹದಿನೆಂಟು. ಬೆನಾನ್ಸಿಯೊನನ್ನು ಮದುವೆಯಾಗಿ ಎರಡು ವರ್ಷವಾದರೂ ಬಸುರು ನಿಂತಿರಲಿಲ್ಲ. ಅವಳ ಅತ್ತೆ ತಿಬುರ್ಸಿಯಾ ನನ್ನ ಓರಗೆಯವಳು, ಬಾಯಿ ಬಹಳ ಜೋರು. ಊರಿನ ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ಹತ್ತು ಜನ ಹೆಂಗಸರ ಮುಂದೆ, ಮೊಟ್ಟೆ ಇಡದ ಕೋಳಿಯನ್ನು ತಾನು ಸಾಕುವುದಿಲ್ಲ, ಸಾರು ಮಾಡುತ್ತೇನೆ ಎಂದು ಸೊಸೆಯ ಕಿವಿಗೆ ಬೀಳುವಂತೆ ಹೇಳಿದ್ದಳು. ಆ ಹುಡುಗಿ ತಲೆ ಬಗ್ಗಿಸಿಕೊಂಡು ಬಟ್ಟೆಗೆ ಸೋಪು ಹಚ್ಚುತ್ತಲೇ ಇದ್ದಳು. ಆಮೇಲೆ ಹೇಗೋ ನಿಂತಿತು. ಗುರುವಾರ, ಸಂತೆಯ ದಿನ, ನಡು ಮಧ್ಯಾಹ್ನ ಹೆರಿಗೆ. ಹೆಣ್ಣು ಮಗು, ಗಟ್ಟಿ ಗಂಟಲು.

ಬಳ್ಳಿಯ ಮೇಲೆ ಬೆರಳಾಡಿಸಿದೆ. ಏನೂ ಸಿಗಲಿಲ್ಲ. ಮತ್ತೊಮ್ಮೆ ಜಾರಿಸಿದೆ. ತೊಳೆದ ಕರುಳಿನಂತೆ ನುಣ್ಣಗಿತ್ತು. ಅದರ ಅರ್ಥ ಇದೊಂದೇ, ಇನ್ನು ಮುಂದೆ ಇಲ್ಲ. ತಿಬುರ್ಸಿಯಾ ಕಾಲ ಬಳಿ ನಿಂತು ಎಷ್ಟು ಎಂದು ಕೇಳಿದಳು. ಚಾಪೆಯ ಮೇಲಿದ್ದ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೆರುವ ನೋವಿನಲ್ಲೂ ಅವಳ ಕಣ್ಣಿನಲ್ಲಿ ಅಷ್ಟು ಭಯ ಇರಲಿಲ್ಲ.

ಆರು, ಎಂದೆ. ಇನ್ನೂ ಆರು ಬರುತ್ತವೆ.

ತಿಬುರ್ಸಿಯಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಸೊಸೆಗೆ ತಾನೇ ಕೈಯಾರೆ ಗಂಜಿ ಕುಡಿಸಿದಳು. ನಾನು ಮನೆಗೆ ಹೋಗುವಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಒಂದು ಹುಡುಗಿಯ ಬಾಳು ಉಳಿಸಿದೆ ಎಂದುಕೊಂಡೆ. ಆರರಲ್ಲಿ ಒಂದೂ ಬರದಿದ್ದರೆ ಆಗ ನೋಡಿಕೊಳ್ಳೋಣ ಎಂದೂ ಅಂದುಕೊಂಡೆ.

ಬಂತು ನೋಡಿ. ಎರಡು ವರ್ಷಕ್ಕೆ ಎರಡನೆಯದು. ಬಳ್ಳಿ ಇಲ್ಲ ಎಂದಿತ್ತು, ಮಗು ಬಂದಿತ್ತು. ಅದಾದ ಮೇಲೆ ಮೂರನೆಯದು. ಪ್ರತಿ ಸಲವೂ ತಿಬುರ್ಸಿಯಾ ನನಗೊಂದು ಕೋಳಿ ಕಳಿಸಿ, ದೊಮಿಂಗಾ ಓದಿದ ಬಳ್ಳಿ ಕಲ್ಲಿನ ಮೇಲೆ ಕೆತ್ತಿದ ಹಾಗೆ ಎಂದು ಊರಿಡೀ ಡಂಗುರ ಹೊಡೆಯುತ್ತಿದ್ದಳು. ಆ ಕೋಳಿ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾನು ಹೇಳಿದ್ದೂ ಸುಳ್ಳು, ಬಳ್ಳಿ ಹೇಳಿದ್ದೂ ಸುಳ್ಳು ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಹಾಗಿದ್ದೂ ಬೇರೆ ಮನೆಗಳಲ್ಲಿ ಬಳ್ಳಿ ಓದುವುದನ್ನು ನಾನು ಬಿಡಲಿಲ್ಲ. ಯಾಕೆ ಎಂದು ಕೇಳಿದರೆ ಏನು ಹೇಳಲಿ. ನಾಚಿಕೆ. ಅಭ್ಯಾಸ. ಅದನ್ನು ಬಿಟ್ಟರೆ ನಾನ್ಯಾರು ಎಂಬ ಹೆದರಿಕೆ.

ಕಳೆದ ಅಕ್ಟೋಬರಿನಲ್ಲಿ ನಾಲ್ಕನೆಯದು. ಮಗು ಬಂತು, ಮಾಸು ಬಂತು, ರಕ್ತ ಮಾತ್ರ ನಿಲ್ಲಲಿಲ್ಲ. ಹೊಟ್ಟೆ ತಿಕ್ಕಿದೆ, ಮಗುವನ್ನು ಎದೆಗೆ ಹಚ್ಚಿದೆ, ನನಗೆ ಗೊತ್ತಿದ್ದುದೆಲ್ಲ ಮಾಡಿದೆ. ಚಾಪೆ ದಾಟಿ ನೆಲದ ಮಣ್ಣು ಕೆಸರಾಯಿತು. ಬೆನಾನ್ಸಿಯೊ ಓಡಿಹೋಗಿ ಎಲೆಕೋಸು ತುಂಬಿಕೊಂಡು ಪೇಟೆಗೆ ಹೊರಟಿದ್ದ ಲಾರಿಯನ್ನು ಅಡ್ಡಗಟ್ಟಿದ. ಎರಡು ಗಂಟೆಯ ದಾರಿ. ಕೋಸಿನ ರಾಶಿಯ ಮೇಲೆ ಮಂಡಿಯೂರಿ ಕೂತು ಅವಳ ಹೊಟ್ಟೆಯನ್ನು ಮುಷ್ಟಿಯಿಂದ ಒತ್ತಿಹಿಡಿದವಳು ನಾನು ಆಸ್ಪತ್ರೆಯ ಬಾಗಿಲಿನ ತನಕ ಕೈ ತೆಗೆಯಲಿಲ್ಲ. ದಾರಿಯುದ್ದಕ್ಕೂ ಬೈದೆ. ಅವಳನ್ನು, ಅವಳ ಗಂಡನನ್ನು, ರಸ್ತೆಯ ಗುಂಡಿಗಳನ್ನು, ದೇವರನ್ನು. ಬೈಯುವುದು ನಿಲ್ಲಿಸಿದರೆ ಹುಡುಗಿ ಕಣ್ಣು ಮುಚ್ಚಿಬಿಡುತ್ತಾಳೆ ಅನ್ನಿಸುತ್ತಿತ್ತು.

ಉಳಿದಳು. ಕಣ್ಣ ಸುತ್ತ ಕಪ್ಪು ಕಟ್ಟಿದ್ದ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರು ಹೊರಗೆ ಬಂದು, ಹೇಗೋ ಹೊಲಿದಿದ್ದೇವೆ, ಇನ್ನೊಂದು ಬಸುರು ನಿಂತರೆ ತಾಯಿಯೂ ಇಲ್ಲ ಮಗುವೂ ಇಲ್ಲ ಎಂದಳು. ಈಗಲೇ ಆಪರೇಷನ್ ಮಾಡಿಬಿಡೋಣವೇ ಎಂದೂ ಕೇಳಿದಳು. ಬೆನಾನ್ಸಿಯೊ ನನ್ನ ಕಡೆ ತಿರುಗಿದ. ಇನ್ನೂ ಮೂರು ಬಾಕಿ ಇವೆಯಲ್ಲ ಅಜ್ಜಿ, ಎಂದ. ನಾನು ನೆಲ ನೋಡಿದೆ. ಅವನು ಬೇಡ ಎಂದ.

ಅವನು ಕೆಟ್ಟವನು ಎಂದುಕೊಳ್ಳಬೇಡಿ. ಅವನ ಚಿಕ್ಕಮ್ಮ ಹೊಟ್ಟೆಯಲ್ಲಿ ಗಡ್ಡೆಯಾಗಿ ಸತ್ತಾಗ, ಬರಬೇಕಾಗಿದ್ದ ಎರಡನ್ನು ತಡೆದಳಲ್ಲ, ಅವೇ ಎಂದು ಊರೆಲ್ಲ ಅಂದಿತ್ತು. ಆಸ್ಪತ್ರೆಯ ಗೋಡೆಗೆ ಒರಗಿ ನಿಂತು ಅವನು ನನ್ನನ್ನು ಕೇಳಿದ.

"ಹೆತ್ರೆ ಸಾಯ್ತಾಳೆ ಅಂತಾರೆ ಇವ್ರು. ಹೆರದಿದ್ರೆ ಅವು ಮೂರು ಸೇರಿ ಸಾಯಿಸ್ತಾವೆ. ನಾನು ಯಾವ್ದಕ್ಕೆ ಹೂಂ ಅನ್ಲಿ ಅಜ್ಜಿ?"

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನವೆಂಬರಿನಲ್ಲಿ ಅವನು ಕರಾವಳಿಗೆ ಕಬ್ಬು ಕಡಿಯಲು ಹೋದ, ಎಲ್ಲ ವರ್ಷದಂತೆ. ಈ ಸಲ ಎಲ್ಲರಿಗಿಂತ ಮುಂಚೆ ಹೋದ. ದೂರ ಇರುವುದೇ ಅವನಿಗೆ ತೋಚಿದ ಉಪಾಯ. ನನಗೂ ಒಂದು ಆರು ತಿಂಗಳು ಉಸಿರಾಡಲು ಸಿಕ್ಕಿತು.

ತಿಂಗಳಿಗೊಮ್ಮೆ ಸೂಲಗಿತ್ತಿಯರೆಲ್ಲ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅಲ್ಲಿನ ನರ್ಸ್ ನೊಯೆಮಿ ನಮ್ಮ ಭಾಷೆಯವಳೇ, ಆದರೆ ಪೇಟೆಯಲ್ಲಿ ಓದಿದವಳು. ನನ್ನ ವಯಸ್ಸಿನ ಅರ್ಧದಷ್ಟಿಲ್ಲ, ನಮಗೆ ಕೈ ತೊಳೆಯುವುದು ಹೇಗೆ ಎಂದು ಪ್ರತಿ ತಿಂಗಳೂ ಹೇಳಿಕೊಡುತ್ತಾಳೆ. ಒಳ್ಳೆಯ ಹುಡುಗಿ, ತಾಳ್ಮೆ ಇದೆ, ಅದಕ್ಕೇ ನನಗೆ ಇನ್ನೂ ಸಿಟ್ಟು. ಹೊರಗಿನ ಬೆಂಚಿನಲ್ಲಿ ಮಕ್ಕಳಾಗದಂತೆ ಸೂಜಿ ಹಾಕಿಸಿಕೊಳ್ಳಲು ಬಂದ ಹೆಂಗಸರು ಸಾಲಾಗಿ ಕೂತಿರುತ್ತಾರೆ. ಅವರ ಮಾತು ಕೇಳುವುದೆಂದರೆ ನನಗೆ ಇಷ್ಟ. ಆ ಸೂಜಿಯಿಂದ ಮೂಳೆ ಟೊಳ್ಳಾಗುತ್ತದೆ ಎನ್ನುತ್ತಾಳೆ ಒಬ್ಬಳು, ಹಾಗೆನ್ನುತ್ತಲೇ ತನ್ನ ಸರದಿ ತಪ್ಪದಂತೆ ಮುಂದಕ್ಕೆ ಸರಿಯುತ್ತಾಳೆ. ಮೂರು ತಿಂಗಳಿಂದ ಮುಟ್ಟೇ ಆಗಿಲ್ಲ, ಆ ರಕ್ತವೆಲ್ಲ ಎಲ್ಲಿ ಹೋಗಿ ಕೂತಿದೆಯೋ ಎಂದು ಇನ್ನೊಬ್ಬಳಿಗೆ ಚಿಂತೆ. ಒಬ್ಬಳು ಸೂಜಿಯ ತಾರೀಖು ಬರೆದ ಚೀಟಿಯನ್ನು ಜೋಳದ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದಾಳೆ, ಜೋಳ ಮುಗಿಯುವ ಹೊತ್ತಿಗೆ ಬೇರೆ ಜಾಗ ಹುಡುಕಬೇಕು. ಮತ್ತೊಬ್ಬಳ ಗಂಡ, ನಾನು ಕರಾವಳಿಗೆ ಹೋದ ಮೇಲೆ ಇದೆಲ್ಲ ಯಾರಿಗೋಸ್ಕರ ಎಂದು ಕೇಳಿದನಂತೆ. ನೀನು ವಾಪಸ್ ಬರುತ್ತೀಯಲ್ಲ, ಅದಕ್ಕೇ ಎಂದಳಂತೆ ಅವಳು. ಬೆಂಚೆಲ್ಲ ನಕ್ಕಿತು. ಪಾದ್ರಿಗೆ ಹೇಳಿಕೊಂಡು ತಪ್ಪೊಪ್ಪಿಗೆ ಮಾಡಬೇಕೇ ಎಂದು ಒಬ್ಬಳು ಮೆಲ್ಲಗೆ ಕೇಳಿದಾಗ ಮಾತ್ರ ಯಾರೂ ನಗಲಿಲ್ಲ.

ಮಾರ್ಚಿನ ಸಭೆ ಮುಗಿದ ಮೇಲೆ ನೊಯೆಮಿ ನನ್ನನ್ನು ಪಕ್ಕಕ್ಕೆ ಕರೆದಳು. ಮಿಕಾಯೆಲಾ ಎರಡು ಸಲ ಬಾಗಿಲ ತನಕ ಬಂದು ಒಳಗೆ ಕಾಲಿಡದೆ ತಿರುಗಿ ಹೋಗಿದ್ದಾಳಂತೆ. ಮೂರು ಮಕ್ಕಳು ಬಾಕಿ ಇವೆ ಎಂದು ಅಳುತ್ತಾಳಂತೆ. ಬಳ್ಳಿಯಲ್ಲಿ ಏನೂ ಇರುವುದಿಲ್ಲ, ನಿಮ್ಮ ಮಾತಾದರೆ ಕೇಳುತ್ತಾಳೆ, ನೀವೇ ಹೇಳಿ ಎಂದಳು. ನನಗೆ ರೇಗಿಹೋಯಿತು. ನೀನು ಹುಟ್ಟುವ ಮೊದಲಿಂದ ಬಳ್ಳಿ ಓದುತ್ತಿರುವವಳು ನಾನು, ನಿನ್ನ ಪುಸ್ತಕದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲವೇನು ಎಂದು ಕೂಗಾಡಿ ಶಾಲು ಹೊದ್ದುಕೊಂಡು ಬಂದುಬಿಟ್ಟೆ. ದಾರಿಯಲ್ಲಿ ಇಳಿಜಾರಿನಲ್ಲಿ ಕೂತು ಅತ್ತೆ. ನನ್ನ ವಯಸ್ಸಿನವಳು ದಾರಿಯಲ್ಲಿ ಕೂತು ಅಳುವುದು ಚೆನ್ನಾಗಿ ಕಾಣುವುದಿಲ್ಲ, ಹೋಗಿಬರುವವರಿಗೆ ಕಾಲು ಉಳುಕಿದೆ ಎಂದೆ.

ಏಪ್ರಿಲಿನಲ್ಲಿ ಮಿಕಾಯೆಲಾ ನನ್ನ ಮನೆಗೇ ಬಂದಳು. ಬೆನ್ನಿಗೆ ಮಗು ಕಟ್ಟಿಕೊಂಡಿದ್ದಳು. ಮುಖ ಇನ್ನೂ ಬಿಳಿಚಿಕೊಂಡೇ ಇತ್ತು. ಒಲೆಯ ಹತ್ತಿರ ಕೂರಿಸಿ ರೊಟ್ಟಿ, ಕರಿ ಹುರುಳಿಯ ಪಲ್ಯ ಕೊಟ್ಟೆ. ಎರಡು ತುತ್ತು ತಿಂದು ಕೆಳಗಿಟ್ಟಳು. ಶನಿವಾರ ಬೆನಾನ್ಸಿಯೊ ವಾಪಸ್ ಬರುತ್ತಾನೆ ಎಂದಳು. ನನಗೆ ಅಷ್ಟೇ ಸಾಕಾಗಿತ್ತು.

ಗುಟ್ಟಾಗಿ ಸೂಜಿ ಹಾಕಿಸಿಕೋ, ನಾನೂ ಬರುತ್ತೇನೆ ಎಂದೆ. ಅವಳು ಬೇಡ ಎಂದು ತಲೆಯಾಡಿಸಿದಳು. ಅತ್ತೆಯ ಭಯವಲ್ಲ, ಗಂಡನ ಭಯವೂ ಅಲ್ಲ.

"ನಂಗೆ ಆ ಮೂವರ ಸದ್ದು ಕೇಳುತ್ತೆ ಅಜ್ಜಿ. ರೊಟ್ಟಿ ತಟ್ಟೋವಾಗ, ನೀರು ತರೋವಾಗ. ಎರಡು ಹೆಣ್ಣು, ಒಂದು ಗಂಡು. ಹೆಸರೂ ಇಟ್ಟಿದೀನಿ. ಬಾಗಿಲು ಹಾಕ್ಬಿಟ್ರೆ ಎಲ್ಲಿಗೆ ಹೋಗ್ತಾವೆ ಪಾಪ? ನಂಗೂ ಸಾಯಕ್ಕೆ ಇಷ್ಟ ಇಲ್ಲ. ಈ ನಾಲ್ಕನ್ನ ಬಿಟ್ಟು ಹೋಗೋದು ಹೆಂಗೆ?"

ಮಗುವಿನ ಕಾಲನ್ನು ಹಿಡಿದುಕೊಂಡು ತಾನು ಬಂದ ಕೆಲಸ ಹೇಳಿದಳು.

"ನೀವು ಅವರ ಹತ್ರ ಮಾತಾಡ್ತೀರಾ ಅಜ್ಜಿ? ನನ್ನ ತಂಗಿಗೆ ಇನ್ನೂ ಮಕ್ಕಳಾಗಿಲ್ಲ. ಅವಳ ಹೊಟ್ಟೆಗೆ ಹೋಗ್ರಪ್ಪಾ ಅಂತ ಹೇಳಿ. ನಿಮ್ಮ ಮಾತು ಕೇಳ್ತಾವೆ. ನೀವೇ ಅಲ್ವಾ ಅವರನ್ನ ಎಣಿಸಿದ್ದು."

ಮಾಡುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾಲ್ಕು ಮೇಣದಬತ್ತಿ ಹಚ್ಚಿ, ಧೂಪ ಹಾಕಿ, ಮೂವರ ಹೆಸರು ಹಿಡಿದು ಕರೆದು, ತಂಗಿಯ ಮನೆಯ ಕಡೆ ಕೈ ತೋರಿಸಿದರೆ ಮುಗಿಯುತ್ತಿತ್ತು. ಇವಳು ಕಣ್ಣೊರೆಸಿಕೊಂಡು ನೆಟ್ಟಗೆ ನೊಯೆಮಿಯ ಹತ್ತಿರ ಹೋಗುತ್ತಿದ್ದಳು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ನಾಳೆ ಇವಳಿಗೊಂದು ಹೊಟ್ಟೆನೋವು ಬರಲಿ, ತಂಗಿ ಬಸುರಾಗದೇ ಹೋಗಲಿ, ಆ ಮೂವರೂ ತಿರುಗಿ ಬಂದರು ಎಂದು ಈ ಹುಡುಗಿ ನಡುಗುತ್ತಾಳೆ. ಸೂಜಿ ನಿಲ್ಲಿಸಿಬಿಡುತ್ತಾಳೆ. ಕರುಣೆಯಿಂದ ಹೇಳಿದ ಒಂದು ಸುಳ್ಳು ಇವಳನ್ನು ಕೋಸಿನ ಲಾರಿಯ ತನಕ ತಂದಿತ್ತು. ಇನ್ನೊಂದಕ್ಕೆ ನನಗೆ ಧೈರ್ಯ ಬರಲಿಲ್ಲ.

ಶನಿವಾರ ಮಧ್ಯಾಹ್ನ ಹಬೆಮನೆ ಕಾಯಿಸಿಡು, ನಿನ್ನ ಅತ್ತೆಯೂ ಒಳಗೆ ಇರಲಿ, ನಾನು ಬರುತ್ತೇನೆ ಎಂದು ಹೇಳಿ ಕಳಿಸಿದೆ.

ಹಬೆಮನೆ ಎಂದರೆ ಹಿತ್ತಲಿನಲ್ಲಿ ಕಲ್ಲು ಮಣ್ಣಿನಿಂದ ಕಟ್ಟಿದ ಗೂಡು, ಅಂಬೆಗಾಲಿಟ್ಟು ಒಳಗೆ ಹೋಗಬೇಕು. ಬಸುರಿಯರ ಬೆನ್ನು ನೀವುವುದು, ಬಾಣಂತಿಯರ ಮೈ ಕಾಯಿಸುವುದು ಎಲ್ಲ ಅಲ್ಲೇ. ಒಳಗೆ ಕತ್ತಲೆ, ಕಾದ ಕಲ್ಲಿನ ಮೇಲೆ ನೀರು ಚಿಮುಕಿಸಿದರೆ ಹಬೆ ಮುಖಕ್ಕೆ ಹೊಡೆಯುತ್ತದೆ. ಮೂವರೂ ಬಟ್ಟೆ ಬಿಚ್ಚಿ ಕೂತೆವು. ಎಲೆಯ ಕಟ್ಟಿನಿಂದ ಮಿಕಾಯೆಲಾಳ ಬೆನ್ನಿಗೆ ಮೆಲ್ಲಗೆ ಬಡಿದೆ. ಬೆನ್ನೆಲುಬು ಎಣಿಸಬಹುದಾಗಿತ್ತು. ತಿಬುರ್ಸಿಯಾ, ಮಗ ಇನ್ನೇನು ಬಂದುಬಿಡುತ್ತಾನೆ, ಸೊಸೆಯ ಮೈಗೆ ಸ್ವಲ್ಪ ಬಿಸಿ ಬಂದರೆ ಮುಂದಿನದಕ್ಕೆ ಒಳ್ಳೆಯದು ಎಂದಳು.

ನಾನು ಎಲೆಯ ಕಟ್ಟನ್ನು ಕೆಳಗಿಟ್ಟೆ.

"ಮಿಕಾಯೆಲಾ, ನಿನ್ನ ಬಳ್ಳೀಲಿ ಗಂಟೇ ಇರ್ಲಿಲ್ಲ," ಎಂದೆ. "ಒಂದೂ ಇರ್ಲಿಲ್ಲ. ಆರು ಅಂದಿದ್ದು ನಾನು. ಬಳ್ಳಿ ಅಲ್ಲ."

ಕಲ್ಲಿನ ಮೇಲೆ ನೀರು ಚುರುಗುಟ್ಟುವುದು ಕೇಳಿಸುತ್ತಿತ್ತು. ಮೊದಲು ಬಾಯಿ ಬಿಟ್ಟವಳು ತಿಬುರ್ಸಿಯಾ.

"ನುಣ್ಣಗಿದ್ರೆ ಇನ್ನು ಮಕ್ಕಳೇ ಇಲ್ಲ ಅಂತ ಅಲ್ವೇನೇ? ಮತ್ತೆ ಮೂರು ಬಂದ್ವಲ್ಲ?"

"ಅದನ್ನೇ ಹೇಳ್ತಿರೋದು ಕಣೇ. ಬಳ್ಳಿಗೆ ಏನೂ ಗೊತ್ತಿಲ್ಲ. ಇವಳ ಬಳ್ಳಿಗೂ ಗೊತ್ತಿಲ್ಲ, ಯಾರ ಬಳ್ಳಿಗೂ ಗೊತ್ತಿಲ್ಲ. ಒಂಬತ್ತು ವರ್ಷದಿಂದ ನಂಗೆ ಗೊತ್ತು, ಬಾಯಿ ಮುಚ್ಕೊಂಡಿದ್ದೆ."

ಯಾಕೆ ಸುಳ್ಳು ಹೇಳಿದೆ ಎಂದು ಅವಳು ಕೇಳಲಿಲ್ಲ. ಆದರೂ ಹೇಳಿದೆ. ತೊಟ್ಟಿಯ ಹತ್ತಿರ ನೀನು ಕೋಳಿ ಸಾರಿನ ಮಾತಾಡಿದ್ದೆಯಲ್ಲ, ಇವಳನ್ನು ತವರಿಗೆ ಅಟ್ಟಿಬಿಡುತ್ತೀಯ ಎಂದು ಹೆದರಿ ಹೇಳಿದೆ ಎಂದೆ. ಕತ್ತಲೆಯಲ್ಲಿ ಅವಳ ಮುಖ ಕಾಣಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು, ಬೆಟ್ಟ ಹತ್ತಿದವಳ ಹಾಗೆ.

ಮಿಕಾಯೆಲಾ ನನ್ನ ಮೊಣಕೈ ಹಿಡಿದುಕೊಂಡಳು.

"ಹಾಗಾದ್ರೆ ಒಳಗೆ ಯಾರೂ ಇಲ್ವಾ?"

"ಯಾರೂ ಇಲ್ಲ ಮಗಳೇ."

"ನಾನು ದಿನಾ ಅವರ ಹತ್ರ ಕ್ಷಮೆ ಕೇಳ್ತಿದ್ದೆ," ಎಂದಳು. ಆಮೇಲೆ ಅಳು ಬಂತು. ಖುಷಿಯ ಅಳು ಎಂದುಕೊಂಡಿರಾ? ಅಲ್ಲ. ಹೆಸರಿಟ್ಟು ಆರು ತಿಂಗಳು ಮಾತಾಡಿಸಿದ ಮೂರು ಮಕ್ಕಳು ಒಂದೇ ಮಾತಿಗೆ ಇಲ್ಲವಾದರೆ ಯಾವ ತಾಯಿ ಅಳದೆ ಇರುತ್ತಾಳೆ. ಅವಳನ್ನು ಎದೆಗೆ ಒತ್ತಿಕೊಂಡೆ. ಬೆವರೋ ಕಣ್ಣೀರೋ ಹಬೆಯೋ, ಇಬ್ಬರೂ ತೊಯ್ದುಹೋಗಿದ್ದೆವು. ಅತ್ತುಬಿಡು, ಅವರಿಗಾಗಿ ಅಳಬೇಕಾದ್ದೇ ಎಂದೆ. ಇವಳ ಪ್ರಾಣಕ್ಕಿಂತ ನನ್ನ ಹೆಸರು ದೊಡ್ಡದು ಎಂದುಕೊಂಡು ಇಷ್ಟು ದಿನ ಕಳೆದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಷ್ಟರಲ್ಲಿ ತಿಬುರ್ಸಿಯಾ ಬಟ್ಟೆ ಸುತ್ತಿಕೊಂಡು ಹೊರಗೆ ತೆವಳಿಹೋದಳು.

ನಾವು ಹೊರಬರುವ ಹೊತ್ತಿಗೆ ಬೆನಾನ್ಸಿಯೊ ಬಂದಾಗಿತ್ತು. ಬಿಸಿಲಿಗೆ ಕರಿಗಟ್ಟಿದ್ದ ಅವನು ಸೌದೆ ರಾಶಿಯ ಮೇಲೆ ಕೂತಿದ್ದ. ತೊಡೆಯ ಮೇಲೆ ಮಗು, ಕಾಲ ಸುತ್ತ ಉಳಿದ ಮೂರು. ತಾಯಿ ಅವನಿಗೆ ಹೇಳಿ ಮುಗಿಸಿದ್ದಳು. ಎಷ್ಟು ಮಾತಿನಲ್ಲಿ ಹೇಳಿದಳೋ ಗೊತ್ತಿಲ್ಲ, ಅವಳು ಆಗಲೇ ಒಲೆಯ ಮುಂದೆ ನಮಗೆ ಬೆನ್ನು ಮಾಡಿ ಕೂತಿದ್ದಳು. ಅವನು ನನ್ನನ್ನು ನೋಡಿ ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೂ ನಾನು ತಡೆಯುತ್ತಿರಲಿಲ್ಲ.

"ಹಾಗಾದ್ರೆ ಇವಳು ಉಳೀತಾಳಾ ಅಜ್ಜಿ?" ಎಂದ.

ನೊಯೆಮಿಯ ಹತ್ತಿರ ಹೋದರೆ ಉಳಿಯುತ್ತಾಳೆ ಎಂದೆ. ತಡೆದರೆ ಗಡ್ಡೆ ಆಗುವುದಿಲ್ಲವೇ ಎಂದು ಮತ್ತೆ ಕೇಳಿದ. ತಡೆಯಲು ಅಲ್ಲಿ ಯಾರೂ ಇಲ್ಲ ಎಂದೆ. ಅವನು ಮಗುವನ್ನು ಹೆಂಡತಿಯ ಕೈಗೆ ಕೊಟ್ಟು, ಸೌದೆಯ ಮೇಲೆ ಮತ್ತೆ ಕೂತು, ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಭುಜ ಅದುರುತ್ತಿತ್ತು. ಮಿಕಾಯೆಲಾ ಅವನ ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು. ಆ ಮನೆಯಲ್ಲಿ ನನಗೆ ಇನ್ನು ಕೆಲಸವಿರಲಿಲ್ಲ, ನನ್ನ ಶಾಲು ಹುಡುಕಿಕೊಂಡು ಬಂದೆ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಯುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ತೊಟ್ಟಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಒಬ್ಬಳು ತನ್ನ ಬಳ್ಳಿಯ ಗಂಟೂ ಸುಳ್ಳೇನಾ ಎಂದು ಕೇಳಿದಳು. ಗಂಟು ಇತ್ತು, ಅರ್ಥ ಇರಲಿಲ್ಲ ಎಂದೆ. ಐದು ಹೆತ್ತವಳು ನೆಲಕ್ಕೆ ಉಗಿದಳು. ಚೊಚ್ಚಲ ಬಸುರಿ ಇದ್ದ ಒಂದು ಮನೆಯವರು ಪಕ್ಕದ ಊರಿನ ಸೂಲಗಿತ್ತಿಗೆ ಹೇಳಿಕಳಿಸಿದರಂತೆ. ನನಗೆ ನೋವಾಗಲಿಲ್ಲ ಎಂದರೆ ಅದು ಎರಡನೇ ಸುಳ್ಳಾಗುತ್ತದೆ.

ಸೋಮವಾರ ಬೆಳಿಗ್ಗೆ ಮಿಕಾಯೆಲಾಳ ಜೊತೆ ಹೋಗೋಣ ಎಂದು ಹೊರಟರೆ ದಾರಿಯ ತಿರುವಿನಲ್ಲಿ ತಿಬುರ್ಸಿಯಾಳೂ ನಿಂತಿದ್ದಳು, ಮೊಮ್ಮಗುವನ್ನು ಬೆನ್ನಿಗೆ ಕಟ್ಟಿಕೊಂಡು. ತಡೆಯಲು ಬಂದಳೇನೋ ಎಂದುಕೊಂಡೆ. ನನ್ನ ಮುಖ ನೋಡದೆ ಮುಂದೆ ನಡೆದಳು. ಕೇಂದ್ರ ಮುಟ್ಟುವ ತನಕ ನಾವಿಬ್ಬರೂ ಅವಳ ಹಿಂದೆಯೇ ನಡೆದೆವು. ಆಪರೇಷನ್ನಿಗೆ ಪೇಟೆಗೆ ಹೋಗಬೇಕು, ಮೈಯಲ್ಲಿ ಸ್ವಲ್ಪ ರಕ್ತ ತುಂಬಿಕೊಳ್ಳಲಿ, ಅಲ್ಲಿಯವರೆಗೆ ತೋಳಿನ ಚರ್ಮದಡಿ ಸಣ್ಣ ಕಡ್ಡಿ ಇಡುತ್ತೇನೆ ಎಂದು ನೊಯೆಮಿ ಮಿಕಾಯೆಲಾಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು.

ತಿಬುರ್ಸಿಯಾ ಮಗುವನ್ನು ಮಡಿಲಿಗೆ ಇಳಿಸಿಕೊಂಡು, ಅದರ ಟೋಪಿ ಸರಿಮಾಡುತ್ತ, ಎದುರಿನ ಗೋಡೆಯ ಜೊತೆ ಮಾತಾಡುವವಳಂತೆ ಮಾತಾಡಿದಳು.

"ಆರನೇದು ಆದ್ಮೇಲೆ ನಾನು ನಿನ್ನ ಸೋದರತ್ತೆ ಹತ್ರ ಹೋಗಿದ್ದೆ. ಸಾಕಾಗಿದೆ, ಮೈಯಲ್ಲಿ ಏನೂ ಉಳಿದಿಲ್ಲ, ಏನಾದ್ರೂ ಬೇರು ಕೊಡಿ ಅಂದೆ. ನಿನ್ನ ಬಳ್ಳೀಲಿ ಎಂಟು ಗಂಟು ಇದ್ವು, ಇನ್ನೂ ಮೂರು ಕಾಯ್ತಾ ಇದಾವೆ, ಮನೆಗೆ ಹೋಗು ಅಂದ್ಳು. ಬಂದೆ."

ಅವಳು ಮಗುವಿನ ಟೋಪಿಯ ದಾರ ಕಟ್ಟಿದಳು.

"ಮೂರನ್ನೂ ಹೆತ್ತೆ. ಎರಡನ್ನ ಮಣ್ಣು ಮಾಡ್ದೆ. ಕೊನೇವನು ಬೆನಾನ್ಸಿಯೊ. ಅವನು ಬೇಡವಾಗಿತ್ತು ಅಂತ ಹೇಳಕ್ಕೆ ನಂಗೆ ಬಾಯಿ ಬರಲ್ಲ. ಆದ್ರೂ ಹೇಳು ದೊಮಿಂಗಾ. ನನ್ನ ಬಳ್ಳೀಲಿ ಗಂಟು ಇದ್ವಾ, ಇಲ್ಲ ಅವಳೂ ನಿನ್ನ ಹಾಗೇನಾ?"

ಪಾಂತಲಿಯೊನಾ ಸತ್ತು ಹತ್ತೊಂಬತ್ತು ವರ್ಷ. ಕೇಳಲು ಯಾರಿದ್ದಾರೆ. ಇತ್ತು ಎಂದರೂ ಇವಳಿಗೆ ಸಮಾಧಾನವಿಲ್ಲ, ಇರಲಿಲ್ಲ ಎಂದರೂ ಇಲ್ಲ. ಈ ಜೋರು ಬಾಯಿಯ ಹೆಂಗಸು ಆ ದಿನ ಪಾಂತಲಿಯೊನಾಳ ಅಂಗಳದಿಂದ ಒಬ್ಬಳೇ ತಿರುಗಿ ನಡೆದುಹೋದದ್ದು ನನ್ನ ಕಣ್ಣಿಗೆ ಕಟ್ಟಿತು. ಇಷ್ಟು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ ಅವಳು. ಸೊಸೆಗೂ ಅದೇ ದಾರಿ ತೋರಿಸಿದಳು, ಬೇರೆ ದಾರಿ ಇದೆ ಎಂದು ಅವಳಿಗೆ ಯಾರು ಹೇಳಿದ್ದರು.

"ಗೊತ್ತಿಲ್ಲ ಕಣೇ," ಎಂದೆ. "ನಿಜವಾಗ್ಲೂ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಹೇಳಕ್ಕೆ ನಿಂಗೂ ಬರುತ್ತೆ ಅಂತಾಯ್ತು," ಎಂದಳು. ಮುಖ ಬೇರೆ ಕಡೆ ತಿರುಗಿಸಿಕೊಂಡಳು. ಅವಳ ಕೈ ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಇತ್ತು. ನಾನು ಅದರ ಮೇಲೆ ನನ್ನ ಕೈಯಿಟ್ಟೆ. ತೆಗೆಯಲಿಲ್ಲ ಅವಳು.

ಬಾಗಿಲು ತೆರೆಯಿತು. ಮಿಕಾಯೆಲಾ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದಳು. ನೋವಾಯಿತೇ ಎಂದು ಅತ್ತೆ ಕೇಳಿದಳು, ಸ್ವಲ್ಪ ಎಂದಳು ಸೊಸೆ. ಮಗುವಿಗೆ ಕೈ ಚಾಚಿದರೆ ತಿಬುರ್ಸಿಯಾ ಕೊಡಲಿಲ್ಲ, ಆ ಕೈಯಲ್ಲಿ ಎತ್ತಬೇಡ ಎಂದು ಗದರಿ ತಾನೇ ಬೆನ್ನಿಗೆ ಕಟ್ಟಿಕೊಂಡಳು. ಆಮೇಲೆ ನೊಯೆಮಿಯ ಕಡೆ ತಿರುಗಿ, ಈ ಕಡ್ಡಿ ಎಷ್ಟು ದಿನ ಇರುತ್ತದೆ ಎಂದು ವಿಚಾರಿಸಿದಳು. ಆಪರೇಷನ್ ಆಗದಿದ್ದರೂ ಐದು ವರ್ಷ ಭಯವಿಲ್ಲ ಎಂದಳು ಆ ಹುಡುಗಿ.

"ಐದಾದ್ಮೇಲೆ ನಾನೇ ಮತ್ತೆ ಕರ್ಕೊಂಡು ಬರ್ತೀನಿ," ಎಂದಳು ತಿಬುರ್ಸಿಯಾ. "ನಾನು ಸತ್ತಿದ್ರೆ ಈ ಸುಳ್ಳುಬುರುಕಿ ಕರ್ಕೊಂಡು ಬರ್ತಾಳೆ."